ಶುಗರ್ ಇದ್ದರೆ ಲೆನ್ಸ್ ಬಿಡಬೇಕೇ? ಮೊದಲು ಡಬ್ಬಿ ತೋರಿಸಿ

ಪ್ರಶ್ನೆ: ನನಗೆ 38 ವರ್ಷ. ವಿಜಯಪುರದಲ್ಲಿ ಮನೆ, ಬಬಲೇಶ್ವರ ಕಡೆ ಒಂದು ಹೈಸ್ಕೂಲಿನಲ್ಲಿ ಕೆಲಸ, ದಿನಾ ಬಸ್ಸಿನ ಓಡಾಟ. ಎರಡೂ ಕಣ್ಣಿಗೆ ಮೈನಸ್ ಏಳರ ಆಸುಪಾಸು ನಂಬರ್ ಇದೆ. ಕಾಲೇಜಿನಲ್ಲಿದ್ದಾಗಿನಿಂದಲೂ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದೇನೆ, ತಿಂಗಳಿಗೊಮ್ಮೆ ಬದಲಿಸುವಂಥದ್ದು. ನಾಲ್ಕು ವರ್ಷದ ಹಿಂದೆ ಶುಗರ್ ಇರುವುದು ಗೊತ್ತಾಯಿತು. ಮಾತ್ರೆಯ ಜೊತೆಗೆ ಎರಡು ತಿಂಗಳಿಂದ ರಾತ್ರಿ ಇನ್ಸುಲಿನ್ ಕೂಡ ಇದೆ. ಈಚಿನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 8.6. ಲೆನ್ಸಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇನ್ಸುಲಿನ್ ಪಕ್ಕದಲ್ಲೇ ಇಡುತ್ತೇನೆ, ಕೆಡಬಾರದು ಅಂತ. ಸೊಲ್ಯೂಷನ್ ತುಟ್ಟಿ, ಹಾಗಾಗಿ ಡಬ್ಬಿಯಲ್ಲಿ ಉಳಿದಿದ್ದಕ್ಕೇ ಸ್ವಲ್ಪ ಸ್ವಲ್ಪ ಸೇರಿಸುತ್ತೇನೆ. ಪೂರಾ ಮುಗಿದ ದಿನ ಕಾಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ಅದರಲ್ಲಿಡುತ್ತೇನೆ. ಡಬ್ಬಿ ಎರಡು ವರ್ಷದ್ದು, ನೋಡಲು ಸ್ವಚ್ಛವಾಗಿಯೇ ಇದೆ. ಹೋದ ತಿಂಗಳು ಎಡಗಣ್ಣು ಎರಡು ದಿನ ಕೆಂಪಾಗಿತ್ತು. ನೋವು ಏನೂ ಇರಲಿಲ್ಲ. ಮೆಡಿಕಲ್ ಅಂಗಡಿಯವರು ಕೊಟ್ಟ ಡ್ರಾಪ್ಸ್ ಹಾಕಿದೆ, ಕಡಿಮೆಯಾಯಿತು. ಅತ್ತೆಯವರು "ಶುಗರ್ ಇದ್ದಾವ್ರು ಲೆನ್ಸ್ ಹಾಕ್ಕೊಂಡ್ರ ಕಣ್ಣ ಹೊಕ್ಕಾವ, ನಂದಿಬಟ್ಟಲ ಹೂವ ಇಟ್ಕೋ" ಅನ್ನುತ್ತಾರೆ. ಜೊತೆಯ ಶಿಕ್ಷಕರೊಬ್ಬರು ಶುಗರ್ ಅಳೆಯುವ ಲೆನ್ಸೇ ಬಂದಿದೆ ಅನ್ನುತ್ತಾರೆ. ಈಗೀಗ ದೂರದ್ದು ಒಂದು ದಿನ ಚೊಲೋ ಕಾಣುತ್ತದೆ, ಒಂದು ದಿನ ಮಸುಕು. ಲೆನ್ಸ್ ಬಿಟ್ಟುಬಿಡಲೇ? ಬಿಡದಿದ್ದರೆ ಹೇಗೆ ಇಟ್ಟುಕೊಳ್ಳಬೇಕು?

ಉತ್ತರ: ಬಿಡಬೇಕೇ ಬೇಡವೇ ಅನ್ನುವುದು ನಿಮ್ಮ ಪ್ರಶ್ನೆ. ಪತ್ರ ಓದುತ್ತಾ ನಾನು ತಡೆದು ನಿಂತದ್ದು ಮಾತ್ರ ಬೇರೊಂದು ಸಾಲಿನ ಮೇಲೆ. "ನೋವು ಏನೂ ಇರಲಿಲ್ಲ" ಎಂದು ನೀವು ಸಮಾಧಾನದಿಂದ ಬರೆದಿದ್ದೀರಿ. ನನಗೆ ಅದೇ ಚಿಂತೆ ಹುಟ್ಟಿಸಿದ ಸಾಲು. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಇವತ್ತೇ ಮಾಡಬೇಕಾದದ್ದು: ಲೆನ್ಸ್ ತೆಗೆದಿಟ್ಟು ಚಶ್ಮಾ ಹಾಕಿಕೊಳ್ಳಿ. ಎಡಗಣ್ಣನ್ನು ಒಬ್ಬ ನೇತ್ರವೈದ್ಯರು ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣನ್ನು ಬೆಳಕು ಬಿಟ್ಟು ದೊಡ್ಡದಾಗಿ ತೋರಿಸುವ ಯಂತ್ರ) ನೋಡುವವರೆಗೆ ಮತ್ತೆ ಲೆನ್ಸ್ ಹಾಕಬೇಡಿ. ಹೋಗುವಾಗ ಆ ಎರಡು ವರ್ಷದ ಡಬ್ಬಿ, ಸೊಲ್ಯೂಷನ್ ಬಾಟಲಿ, ಮೆಡಿಕಲ್ ಅಂಗಡಿಯ ಡ್ರಾಪ್ಸ್ ಮೂರನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಡಬ್ಬಿಯನ್ನು ತೊಳೆದು ಒಯ್ಯಬೇಡಿ, ಇದ್ದ ಹಾಗೇ ಒಯ್ಯಿರಿ. ವೈದ್ಯರು ನೋಡಿದ ಮೇಲೆ ಅಲ್ಲೇ ಕಸದ ಬುಟ್ಟಿಗೆ ಹಾಕಬಹುದು.

ಇನ್ನು ಅತ್ತೆಯವರ ಮಾತು. ಶುಗರ್ ಇದ್ದವರು ಲೆನ್ಸ್ ಹಾಕಲೇಬಾರದು ಎಂಬ ನಿಯಮ ವೈದ್ಯಶಾಸ್ತ್ರದಲ್ಲಿ ಇಲ್ಲ. ಶುಗರ್ ಹತೋಟಿಯಲ್ಲಿದ್ದು, ಕಾರ್ನಿಯಾ ಚೆನ್ನಾಗಿದ್ದು, ಬೆಳಿಗ್ಗೆ ಹಾಕಿ ರಾತ್ರಿ ತಪ್ಪದೆ ತೆಗೆಯುವವರಿಗೆ ಮೃದು ಲೆನ್ಸನ್ನು ನಾವೇ ಬರೆದುಕೊಡುತ್ತೇವೆ. ಆದರೆ ಅವರ ಭಯ ಪೂರ್ತಿ ಸುಳ್ಳೂ ಅಲ್ಲ. ಶುಗರ್ ಇಲ್ಲದವರು ಲೆನ್ಸಿನಲ್ಲಿ ಅಸಡ್ಡೆ ಮಾಡಿ ಪಾರಾಗುವ ಎಷ್ಟೋ ಸಂದರ್ಭಗಳಲ್ಲಿ ಶುಗರ್ ಇದ್ದವರು ಪಾರಾಗುವುದಿಲ್ಲ.

ಕಾರಣ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿದೆ. ಅದೇ ಕಾರ್ನಿಯಾ. ನಡುವೆ ಅದರ ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ, ಆಮ್ಲಜನಕವನ್ನು ಬಹುಪಾಲು ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ನರಗಳು ಮಾತ್ರ ಮೈಯಲ್ಲಿ ಬೇರೆಲ್ಲೂ ಇಲ್ಲದಷ್ಟು ದಟ್ಟ. ಒಂದು ಕಸ ಬಿದ್ದರೂ ನಾವು ಕುಣಿದಾಡುವುದು ಅದಕ್ಕೇ. ಶುಗರ್ ವರ್ಷಗಟ್ಟಲೆ ಏರಿದ್ದರೆ ಪಾದದ ನರಗಳು ಜೋಮು ಹಿಡಿಯುವುದು, ಚಪ್ಪಲಿ ಕಳಚಿದ್ದೂ ತಿಳಿಯದಿರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದೇ ಸಂಗತಿ ಕಾರ್ನಿಯಾದ ನರಗಳಲ್ಲೂ ನಡೆಯುತ್ತದೆ ಎನ್ನುವುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಸ್ಪರ್ಶ ಮಂದವಾಗುತ್ತದೆ. ಲೆನ್ಸಿನ ಅಂಚು ಗೀಚಿದರೂ ಅಷ್ಟಾಗಿ ನೋಯುವುದಿಲ್ಲ. "ನನಗೆ ಲೆನ್ಸ್ ಭಾಳ ಚೊಲೋ ಹೊಂದ್ಯಾವ್ರಿ, ಹಾಕ್ಕೊಂಡಿದ್ದೇ ಗೊತ್ತಾಗಂಗಿಲ್ಲ" ಎಂದು ಹತ್ತು ವರ್ಷದ ಶುಗರ್ ಇರುವವರು ಹೇಳಿದಾಗ ನಾನು ಮೊದಲು ಹತ್ತಿಯ ಎಳೆಯೊಂದನ್ನು ಕಾರ್ನಿಯಾಕ್ಕೆ ತಾಗಿಸಿ ನೋಡುತ್ತೇನೆ. ಕಣ್ಣು ಥಟ್ಟನೆ ಮಿಟುಕಬೇಕು. ಕೆಲವರಲ್ಲಿ ನಿಧಾನವಾಗಿ ಮಿಟುಕುತ್ತದೆ, ಕೆಲವರಲ್ಲಿ ಮಿಟುಕುವುದೇ ಇಲ್ಲ.

ನೋವು ತಿಳಿಯದಿರುವುದರ ಜೊತೆಗೆ ಇನ್ನೂ ಕೆಲವು ಸಂಗತಿ ಸೇರಿಕೊಳ್ಳುತ್ತವೆ. ಕಾರ್ನಿಯಾದ ಮೇಲ್ಪದರ ತನ್ನ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಹಾಗಾಗಿ ಲೆನ್ಸ್ ತೆಗೆಯುವಾಗ ಉಗುರು ತಾಗಿದರೆ ಸುಲಭವಾಗಿ ಸುಲಿಯುತ್ತದೆ. ಸುಲಿದದ್ದು ಮಾಯಲು ಹೆಚ್ಚು ದಿನ ಬೇಕು. ಕಣ್ಣೀರೂ ಕಡಿಮೆ ಇರುತ್ತದೆ. ಶುಗರ್ ಏರಿದಾಗ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಚುರುಕು ತಗ್ಗುವುದು ಇದ್ದದ್ದೇ. ಗಾಯ ಬೇಗ ಆಗುತ್ತದೆ, ತಡವಾಗಿ ತಿಳಿಯುತ್ತದೆ, ನಿಧಾನವಾಗಿ ಮಾಯುತ್ತದೆ. ಆ ಗಾಯದ ಮೇಲೆ ಒದ್ದೆ ಲೆನ್ಸ್ ಕೂತಿರುತ್ತದೆ. ಲೆನ್ಸಿನಲ್ಲಿ ಏನಿದೆ ಅನ್ನುವುದು ಹಿಂದಿನ ರಾತ್ರಿ ಅದು ಎಲ್ಲಿತ್ತು ಅನ್ನುವುದರ ಮೇಲೆ ನಿಂತಿದೆ. ಡಬ್ಬಿಗೆ ನಾನು ಇಷ್ಟು ಮಹತ್ವ ಕೊಡುವುದು ಅದಕ್ಕೆ.

ಕಾಸಿ ಆರಿಸಿದ ಉಪ್ಪುನೀರಿನ ವಿಚಾರ. ಇದು ನೀವೊಬ್ಬರೇ ಮಾಡುವುದಲ್ಲ, ಕಣ್ಣೀರೂ ಉಪ್ಪು ತಾನೇ ಎಂಬ ತರ್ಕ ಸರಿ ಅನ್ನಿಸುತ್ತದೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಹೀಗೇ ಉಪ್ಪಿನ ಗುಳಿಗೆ ಮತ್ತು ನೀರು ಸೇರಿಸಿ ಮನೆಯಲ್ಲೇ ಲೆನ್ಸಿನ ದ್ರಾವಣ ಮಾಡಿಕೊಳ್ಳುತ್ತಿದ್ದರು. ಅಂಥವರಲ್ಲಿ ಅಕಾಂತಮೀಬಾ ಎಂಬ ಏಕಕೋಶ ಜೀವಿಯಿಂದ ಕಾರ್ನಿಯಾ ಹುಣ್ಣಾಗುವುದು ಸಾಲುಸಾಲಾಗಿ ಕಂಡಾಗ ಆ ಪದ್ಧತಿಯನ್ನು ನಿಲ್ಲಿಸಬೇಕಾಯಿತು. ಈ ಜೀವಿ ನಲ್ಲಿ ನೀರು, ಬಾವಿ, ಬೋರ್‌ವೆಲ್, ಈಜುಕೊಳ, ಮಣ್ಣು, ಧೂಳು ಎಲ್ಲದರಲ್ಲೂ ಇರುತ್ತದೆ. ಕುಡಿದರೆ ಏನೂ ಆಗುವುದಿಲ್ಲ, ಆದ್ದರಿಂದ ನೀರು ಪೂರೈಸುವವರನ್ನು ದೂರುವಂತಿಲ್ಲ. ಪರಿಸ್ಥಿತಿ ಕೆಟ್ಟಾಗ ಅದು ಎರಡು ಗೋಡೆಯ ಕೋಶ ಕಟ್ಟಿಕೊಂಡು ಒಳಗೆ ಕೂರುತ್ತದೆ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್ನಿಗೆ ಅದು ಸಾಯುವುದಿಲ್ಲ, ಒಣಗಿಸಿದರೂ ಬದುಕುತ್ತದೆ, ಫ್ರಿಜ್ಜಿನ ತಂಪೂ ಅದಕ್ಕೆ ಲೆಕ್ಕವಿಲ್ಲ. ಕುದಿಸಿದರೆ ಸಾಯುತ್ತದಲ್ಲ ಅನ್ನಬಹುದು. ಕುದಿಸಿದ ಪಾತ್ರೆಯಿಂದ ಲೋಟಕ್ಕೆ, ಲೋಟದಿಂದ ಡಬ್ಬಿಗೆ, ನಡುವೆ ಚಮಚ, ಉಪ್ಪಿನ ಡಬ್ಬಿಗೆ ಹೋಗಿ ಬಂದ ಬೆರಳು. ಇಷ್ಟು ದಾರಿ ಸವೆಸಿದ ನೀರು ಕ್ರಿಮಿರಹಿತವಾಗಿ ಉಳಿದಿರುವುದಿಲ್ಲ. ಉಳಿಯಿತು ಅಂದುಕೊಂಡರೂ ಅದಕ್ಕೆ ಲೆನ್ಸಿನ ಮೇಲೆ ಆಗಲೇ ಇರುವ ಕ್ರಿಮಿಯನ್ನು ಕೊಲ್ಲುವ ಶಕ್ತಿ ಇಲ್ಲ. ಅಂಗಡಿಯಲ್ಲಿ ಸಿಗುವ ಬರೀ ಸಲೈನ್‌ಗೂ ಇಲ್ಲ. ಸಲೈನ್ ತೊಳೆಯಲು ಮಾತ್ರ, ನೆನೆಸಿಡಲು ಅಲ್ಲ. ಆರ್‌ಒ ಫಿಲ್ಟರ್ ನೀರಿನದೂ ಇದೇ ಕಥೆ. ಮೇಲಾಗಿ ಸಾದಾ ನೀರು ಕುಡಿದ ಮೃದು ಲೆನ್ಸ್ ಉಬ್ಬಿ, ಆಕಾರ ಬದಲಿಸಿ, ಕಾರ್ನಿಯಾಕ್ಕೆ ಕಚ್ಚಿಕೊಳ್ಳುತ್ತದೆ. ಅದನ್ನು ಕೀಳುವಾಗ ಮೇಲ್ಪದರವೂ ಕಿತ್ತುಬರಬಹುದು.

ಹಾಗಾಗಿ ಲೆನ್ಸ್ ಹಾಕಿಕೊಂಡು ತಲೆಸ್ನಾನ ಬೇಡ, ಈಜು ಬೇಡ. ಸಂಕ್ರಮಣಕ್ಕೆ ಕೂಡಲಸಂಗಮದಲ್ಲಿ ಮುಳುಗು ಹಾಕುವ ರೂಢಿ ಇದ್ದರೆ ಆ ದಿನ ಮನೆಯಿಂದಲೇ ಚಶ್ಮಾ. ಮುಖ ತೊಳೆದ ಮೇಲೆ ಲೆನ್ಸ್ ಹಾಕಿ, ಹಾಕಿದ ಮೇಲೆ ಮುಖಕ್ಕೆ ನೀರೆರಚಬೇಡಿ. ಬಸ್ಸಿಳಿದು ಬಂದು ಶಾಲೆಯ ನಲ್ಲಿಯಲ್ಲಿ ಕಣ್ಣಿಗೆ ನೀರು ಹೊಡೆದುಕೊಳ್ಳುವ ಚಟ ಮೇಷ್ಟ್ರು, ಟೀಚರುಗಳಲ್ಲಿ ಬಹಳ. ಧೂಳು ಬಿದ್ದಿದ್ದರೆ ಕೈ ತೊಳೆದು ಒರೆಸಿಕೊಂಡು ಲೆನ್ಸ್ ತೆಗೆಯಿರಿ, ಸೊಲ್ಯೂಷನ್ನಿನಿಂದ ತೊಳೆದು ಹಾಕಿ, ಅಥವಾ ಆ ದಿನಕ್ಕೆ ಚಶ್ಮಾದಲ್ಲೇ ಇದ್ದುಬಿಡಿ.

ಈಗ ನಿಮ್ಮ ಡಬ್ಬಿ. ನೋಡಲು ಸ್ವಚ್ಛ ಅಂದಿರಿ. ಅದರ ಒಳಬದಿಯನ್ನು, ಅದರಲ್ಲೂ ಮುಚ್ಚಳ ತಿರುಗಿಸುವ ತಿರುಪಿನ ಸಂದಿಯನ್ನು ಬೆರಳಲ್ಲಿ ಮುಟ್ಟಿ ನೋಡಿ. ಸ್ವಲ್ಪ ಜಾರುತ್ತದೆಯೇ? ನೀರಿನ ತೊಟ್ಟಿಯ ಗೋಡೆಗೆ ಪಾಚಿ ಕಟ್ಟುವಂತೆ ಬ್ಯಾಕ್ಟೀರಿಯಾಗಳು ಕಣ್ಣಿಗೆ ಕಾಣದ ಲೋಳೆಯ ಪದರ ಕಟ್ಟಿಕೊಂಡು ಅದರ ಕೆಳಗೆ ಸಂಸಾರ ಹೂಡಿರುತ್ತವೆ. ಮೇಲೆ ಸುರಿದ ಸೊಲ್ಯೂಷನ್ ಆ ಪದರದ ಒಳಗೆ ಇಳಿಯುವುದೇ ಕಷ್ಟ. ಅಕಾಂತಮೀಬಾಕ್ಕೆ ಆ ಬ್ಯಾಕ್ಟೀರಿಯಾಗಳೇ ಆಹಾರ, ಹಾಗಾಗಿ ಒಂದಿದ್ದಲ್ಲಿ ಇನ್ನೊಂದು ಬರಲು ಅನುಕೂಲ. ಹಳೆಯದಕ್ಕೆ ಹೊಸದನ್ನು ಸೇರಿಸುವುದು ಉಳಿತಾಯದಂತೆ ಕಾಣುತ್ತದೆ. ಸೊಲ್ಯೂಷನ್ನಿನಲ್ಲಿರುವ ಕ್ರಿಮಿನಾಶಕ ಒಂದು ರಾತ್ರಿಯ ಕೆಲಸದಲ್ಲೇ ಖರ್ಚಾಗಿರುತ್ತದೆ, ಸ್ವಲ್ಪಭಾಗ ಲೆನ್ಸಿನೊಳಗೇ ಸೇರಿಹೋಗಿರುತ್ತದೆ. ನೀವು ಮೇಲೆ ಹನಿಸುವ ಹೊಸದು ಆ ಹಳೆಯದರಲ್ಲಿ ತೆಳುವಾಗಿ ಅರ್ಧ ಬಲದ್ದಾಗುತ್ತದೆ. ಪ್ರತಿ ರಾತ್ರಿ ಹೊಸ ಸೊಲ್ಯೂಷನ್, ಇದರಲ್ಲಿ ರಿಯಾಯಿತಿ ಇಲ್ಲ.

ಫ್ರಿಜ್ಜಿನ ಯೋಚನೆ ಎಲ್ಲಿಂದ ಬಂತು ಅನ್ನುವುದು ನನಗೆ ಅರ್ಥವಾಗುತ್ತದೆ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು. ಲೆನ್ಸಿನ ಸೊಲ್ಯೂಷನ್‌ಗೆ ಬೇಡ. ಅದರ ಕ್ರಿಮಿನಾಶಕ ಕೆಲಸ ಮಾಡುವುದು ಕೋಣೆಯ ಉಷ್ಣಾಂಶದಲ್ಲಿ, ತಂಪಿನಲ್ಲಿ ಅದರ ಕೆಲಸ ನಿಧಾನವಾಗುತ್ತದೆ. ಹಾಗೆಂದು ಬಾಟಲಿಯನ್ನು ಸ್ಕೂಟಿಯ ಡಿಕ್ಕಿಯಲ್ಲೋ ಕಿಟಕಿಯ ಬಿಸಿಲಿನಲ್ಲೋ ಇಡಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಡಿಕ್ಕಿಯೊಳಗೆ ಅದಕ್ಕಿಂತ ಜಾಸ್ತಿ. ಮಲಗುವ ಕೋಣೆಯ ಕಪಾಟು ಸಾಕು. ಬಚ್ಚಲಿನ ಕಟ್ಟೆ, ಸಂಡಾಸಿನ ಪಕ್ಕದ ಸಿಂಕು ಬೇಡ.

ರಾತ್ರಿಯ ಕ್ರಮ ಹೀಗಿರಲಿ. ಸಾಬೂನಿನಿಂದ ಕೈ ತೊಳೆದು, ಜುಂಗು ಬಿಡದ ಸ್ವಚ್ಛ ಬಟ್ಟೆಯಲ್ಲಿ ಪೂರಾ ಒರೆಸಿಕೊಳ್ಳಿ. ಒದ್ದೆ ಬೆರಳು ಅಂದರೆ ಮತ್ತೆ ನಲ್ಲಿ ನೀರೇ ಲೆನ್ಸಿಗೆ ಹೋದ ಹಾಗೆ. ಒಂದು ಲೆನ್ಸ್ ತೆಗೆದು ಅಂಗೈಯಲ್ಲಿಟ್ಟು, ಕೆಲವು ಹನಿ ಸೊಲ್ಯೂಷನ್ ಬಿಟ್ಟು, ಬೆರಳ ತುದಿಯಿಂದ ಎರಡೂ ಬದಿ ಮೆಲ್ಲಗೆ ಉಜ್ಜಿ, ಸುಮಾರು ಇಪ್ಪತ್ತು ಸೆಕೆಂಡ್. "ಉಜ್ಜುವ ಅಗತ್ಯವಿಲ್ಲ" ಎಂದು ಬಾಟಲಿಯ ಮೇಲೆ ಬರೆದಿದ್ದರೂ ಉಜ್ಜಿ. 2006ರಲ್ಲಿ ಒಂದು ದೊಡ್ಡ ಕಂಪನಿಯ ಸೊಲ್ಯೂಷನ್ ಬಳಸುತ್ತಿದ್ದವರಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೋಂಕು ಹಲವು ದೇಶಗಳಲ್ಲಿ ಕಾಣಿಸಿ, ಆ ಬಾಟಲಿಯನ್ನು ಜಗತ್ತಿನ ಎಲ್ಲ ಮಾರುಕಟ್ಟೆಗಳಿಂದ ಹಿಂತೆಗೆದುಕೊಂಡರು. ಆಮೇಲೆ ಉಜ್ಜಿ ತೊಳೆಯುವ ಹಳೆಯ ಪದ್ಧತಿಗೇ ತಜ್ಞರು ಮರಳಿದರು. ಉಜ್ಜಿದ ಮೇಲೆ ಸೊಲ್ಯೂಷನ್ನಿನಲ್ಲೇ ಜಾಲಾಡಿ, ಖಾಲಿ ಒಣ ಡಬ್ಬಿಗೆ ಹೊಸ ಸೊಲ್ಯೂಷನ್ ತುಂಬಿ, ಲೆನ್ಸ್ ಪೂರಾ ಮುಳುಗುವಂತೆ ಇಡಿ. ಎಷ್ಟು ತಾಸು ನೆನೆಯಬೇಕು ಎಂದು ಬಾಟಲಿಯ ಮೇಲಿರುತ್ತದೆ, ಸಾಮಾನ್ಯವಾಗಿ ನಾಲ್ಕರಿಂದ ಆರು.

ಬೆಳಿಗ್ಗೆ ಲೆನ್ಸ್ ಹಾಕಿದ ಮೇಲೆ ಡಬ್ಬಿಯಲ್ಲಿದ್ದದ್ದನ್ನು ಚೆಲ್ಲಿ, ಹನಿ ಸೊಲ್ಯೂಷನ್ನಿನಿಂದ ತೊಳೆದು, ಸ್ವಚ್ಛ ಟಿಶ್ಯೂ ಪೇಪರಿನಿಂದ ಒಳಗೆ ಒತ್ತಿ ಒರೆಸಿ. ಆ ಒರೆಸುವಿಕೆಯೇ ಲೋಳೆಯನ್ನು ಕೀಳುವುದು. ನಂತರ ಡಬ್ಬಿ, ಮುಚ್ಚಳ ಎಲ್ಲವನ್ನೂ ಒಣ ಟಿಶ್ಯೂ ಮೇಲೆ ಬೋರಲು ಹಾಕಿ, ಸಂಜೆಯವರೆಗೆ ಒಣಗಲಿ. ಮೂರು ತಿಂಗಳಿಗೊಮ್ಮೆ ಡಬ್ಬಿ ಎಸೆಯಿರಿ. ಹೊಸ ಬಾಟಲಿಯ ಜೊತೆ ಬಹಳ ಸಲ ಹೊಸ ಡಬ್ಬಿಯೂ ಬರುತ್ತದೆ, ಜನ ಅದನ್ನು ಎತ್ತಿಟ್ಟು ಹಳೆಯದನ್ನೇ ಬಳಸುತ್ತಾರೆ. ಬಾಟಲಿ ಒಡೆದ ದಿನಾಂಕವನ್ನು ಮಾರ್ಕರಿನಲ್ಲಿ ಅದರ ಮೇಲೆಯೇ ಬರೆಯಿರಿ. ತೆರೆದ ಮೇಲೆ ಎಷ್ಟು ದಿನ ಬಳಸಬಹುದು ಎಂಬುದು ಲೇಬಲ್ಲಿನಲ್ಲಿದೆ, ಅದು ಮೇಲಿನ ಎಕ್ಸ್‌ಪೈರಿ ತಾರೀಖಿಗಿಂತ ಬೇರೆ. ತಿಂಗಳ ಲೆನ್ಸ್ ಅಂದರೂ ಹೀಗೇ: ಪ್ಯಾಕ್ ಒಡೆದ ದಿನದಿಂದ ಒಂದು ತಿಂಗಳು. ಹಾಕಿದ ದಿನಗಳನ್ನಷ್ಟೇ ಎಣಿಸಿ ಮೂರು ತಿಂಗಳು ಎಳೆಯುವ ಲೆಕ್ಕ ಅದಕ್ಕಿಲ್ಲ.

ಶುಗರ್ ಇದ್ದವರಿಗೇ ಸಂಬಂಧಿಸಿದ ಒಂದು ಸಣ್ಣ ವಿಷಯ. ಬೆಳಿಗ್ಗೆ ಗ್ಲೂಕೋಮೀಟರಿಗೆ ಬೆರಳು ಚುಚ್ಚಿಕೊಂಡು, ಅದೇ ಬೆರಳಲ್ಲಿ ಲೆನ್ಸ್ ಎತ್ತಿಕೊಳ್ಳುವವರಿದ್ದಾರೆ. ಚುಚ್ಚಿದ ಜಾಗದಲ್ಲಿ ರಕ್ತ ಜಿನುಗುತ್ತಿರುತ್ತದೆ, ಸ್ಪಿರಿಟ್ ಹತ್ತಿಯ ಅಂಶವೂ ಉಳಿದಿರುತ್ತದೆ. ಕೈ ತೊಳೆದು ಒರೆಸಿ ಮೊದಲು ಲೆನ್ಸ್ ಹಾಕಿಕೊಳ್ಳಿ, ಆಮೇಲೆ ಶುಗರ್ ನೋಡಿ. ಚುಚ್ಚುವುದಾದರೂ ಲೆನ್ಸ್ ಹಿಡಿಯುವ ತೋರುಬೆರಳು ಬಿಟ್ಟು ಬೇರೆ ಬೆರಳಿನ ಪಕ್ಕಕ್ಕೆ ಚುಚ್ಚಿ. ಉಗುರು ಗಿಡ್ಡ ಇರಲಿ. ಕಾಡಿಗೆ ಹಚ್ಚುವುದಿದ್ದರೆ ಲೆನ್ಸ್ ಹಾಕಿದ ಮೇಲೆ, ಒರೆಸುವುದು ಲೆನ್ಸ್ ತೆಗೆದ ಮೇಲೆ.

ಒಂದು ದಿನ ಚೊಲೋ, ಒಂದು ದಿನ ಮಸುಕು ಎಂದಿರಿ. ಇದಕ್ಕೆ ಕಾರಣ ಕಾಂಟ್ಯಾಕ್ಟ್ ಲೆನ್ಸ್ ಆಗಿರಲಾರದು, ಕಣ್ಣಿನೊಳಗೆ ಹುಟ್ಟಿನಿಂದ ಇರುವ ಮಸೂರ ಇರಬೇಕು. ರಕ್ತದಲ್ಲಿ ಸಕ್ಕರೆ ಏರಿಳಿದಂತೆ ಆ ಮಸೂರದೊಳಗೆ ನೀರಿನ ಅಂಶ ಏರುಪೇರಾಗಿ ಅದರ ಶಕ್ತಿ ಬದಲಾಗುತ್ತದೆ. ಸಕ್ಕರೆ ಏರಿದ್ದಾಗ ಸಾಮಾನ್ಯವಾಗಿ ಮೈನಸ್ ನಂಬರ್ ಹೆಚ್ಚುತ್ತದೆ. ಇನ್ಸುಲಿನ್ ಶುರುಮಾಡಿ ಸಕ್ಕರೆ ಬೇಗ ಇಳಿದಾಗ ಅದು ತಿರುಗುಮುರುಗಾಗುತ್ತದೆ. ಕೆಲವು ವಾರಗಳಲ್ಲಿ ಒಂದು ಹದಕ್ಕೆ ಬರುತ್ತದೆ. ಅಲ್ಲಿಯವರೆಗೆ ಹೊಸ ನಂಬರ್ ತೆಗೆಸಬೇಡಿ, ರಿಯಾಯಿತಿಯಲ್ಲಿ ಸಿಕ್ಕಿತೆಂದು ಆರು ತಿಂಗಳ ಲೆನ್ಸ್ ಒಟ್ಟಿಗೆ ಕೊಳ್ಳಬೇಡಿ. ಆದರೆ ಮಸುಕು ಒಂದೇ ಕಣ್ಣಿಗೆ ಇದ್ದರೆ, ಅಥವಾ ಕಪ್ಪು ಚುಕ್ಕಿ, ಪರದೆಯಂಥದ್ದು ಕಂಡರೆ ಕಾಯಬೇಡಿ. ಅದು ಕಾರ್ನಿಯಾದ್ದೋ, ಕಣ್ಣಿನ ಒಳಪರದೆಯಾದ ರೆಟಿನಾದ್ದೋ ಎಂದು ಅದೇ ದಿನ ನೋಡಿಸಬೇಕು.

ಶುಗರ್ ಅಳೆಯುವ ಲೆನ್ಸ್ ಬಗ್ಗೆ ನಿಮ್ಮ ಜೊತೆಗಾರರು ಹೇಳಿದ್ದು ಹಳೆಯ ಸುದ್ದಿ. 2014ರಲ್ಲಿ ಗೂಗಲ್ ಅಂಥದ್ದೊಂದನ್ನು ಮಾಡುತ್ತೇವೆ ಎಂದು ಪ್ರಕಟಿಸಿತ್ತು. 2018ರಲ್ಲಿ ಆ ಯೋಜನೆಯನ್ನು ನಿಲ್ಲಿಸಿದರು. ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ನೆಚ್ಚಬಹುದಾದ ತಾಳೆ ಸಿಗಲಿಲ್ಲ. ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಂಡರೆ ತಂಪೆನಿಸೀತು, ಅತ್ತೆಯವರ ಮನಸ್ಸಿಗೂ ಸಮಾಧಾನ. ಅದರ ರಸ, ಗುಲಾಬಿ ನೀರು, ಹರಳೆಣ್ಣೆ, ಜೇನುತುಪ್ಪ, ಎದೆಹಾಲು ಯಾವುದನ್ನೂ ಕಣ್ಣೊಳಗೆ ಬಿಡಬೇಡಿ. ಕಾರ್ನಿಯಾ ಗೀಚಿದ್ದರೆ ಅವು ಸೋಂಕನ್ನು ಒಳಗೆ ಕರೆದುಕೊಂಡು ಹೋಗುತ್ತವೆ.

ಅದಕ್ಕಿಂತ ನನಗೆ ಹೆಚ್ಚು ಅಂಜಿಕೆ ಮೆಡಿಕಲ್ ಅಂಗಡಿಯ ಡ್ರಾಪ್ಸಿನದು. ಕೆಂಪು ಕಣ್ಣಿಗೆ ಕೌಂಟರಿನಲ್ಲಿ ಕೊಡುವ ಬಾಟಲಿಗಳಲ್ಲಿ ಬಹಳಷ್ಟು ಸಲ ಆ್ಯಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಬೆರೆತಿರುತ್ತದೆ. ಮನೆಯಲ್ಲಿರುವ ಬಾಟಲಿ ತಿರುಗಿಸಿ ಓದಿ: ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಲೊಟೆಪ್ರೆಡ್ನಾಲ್, ಫ್ಲೂರೋಮೆಥೊಲೋನ್ ಇವುಗಳಲ್ಲಿ ಯಾವುದಾದರೂ ಹೆಸರಿದ್ದರೆ ಅದು ಸ್ಟೀರಾಯ್ಡ್. ಕೆಂಪು ಎರಡೇ ದಿನದಲ್ಲಿ ಮಾಯವಾಗುತ್ತದೆ, ಅದರ ಗುಣವೇ ಅದು. ಒಳಗೆ ಶಿಲೀಂಧ್ರವೋ ಅಮೀಬಾವೋ ಇದ್ದರೆ ಅದು ಕೆಂಪಿಲ್ಲದೆ ಸದ್ದಿಲ್ಲದೆ ಬೆಳೆಯುತ್ತದೆ. ನೋವು ಮೊದಲೇ ಮಂದ, ಈಗ ಕೆಂಪೂ ಇಲ್ಲ. ರೋಗಿಗೆ ಗೊತ್ತಾಗುವುದು ಕರಿಗುಡ್ಡೆಯ ಮೇಲೆ ಬಿಳಿ ಕಂಡಾಗ. ನಮ್ಮ ಕಡೆ "ಕಣ್ಣಾಗ ಹೂ ಬಿತ್ತು" ಅನ್ನುತ್ತಾರಲ್ಲ, ಅಷ್ಟು ಹೊತ್ತಿಗೆ ಅಲ್ಲಿ ಕಲೆ ಕೂತಿರುತ್ತದೆ. ನಿಮ್ಮ ಎಡಗಣ್ಣನ್ನು ಕೆಂಪು ಹೋದ ಮೇಲೂ ನೋಡಿಸಲೇಬೇಕು ಎಂದು ಮೊದಲೇ ಹೇಳಿದ್ದು ಇದಕ್ಕಾಗಿ.

ನೋವನ್ನು ನಂಬುವಂತಿಲ್ಲ ಅಂದಮೇಲೆ ಕಣ್ಣನ್ನು ನೋಡಿಯೇ ತಿಳಿಯಬೇಕು. ದಿನಾ ಬೆಳಿಗ್ಗೆ ಲೆನ್ಸ್ ಹಾಕುವ ಮೊದಲು ಬೆಳಕಿಗೆ ನಿಂತು ಕನ್ನಡಿಯಲ್ಲಿ ಎರಡೂ ಕಣ್ಣು ನೋಡಿ. ಕೆಂಪು, ಪಿಸರು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಇದೆಯೇ? ಲೆನ್ಸ್ ಹಾಕಿದ ಮೇಲೆ ಒಂದೊಂದೇ ಕಣ್ಣು ಮುಚ್ಚಿ ಎದುರಿನ ಕ್ಯಾಲೆಂಡರಿನ ಅಕ್ಷರ ಓದಿ. ಬೆಳಕು ಚುಚ್ಚುವುದು, ನೀರು ಸೋರುವುದು, ನಿನ್ನೆಗಿಂತ ಮಸುಕು, ಯಾವುದೇ ಇದ್ದರೂ ಲೆನ್ಸ್ ತೆಗೆದು ಅದೇ ದಿನ ವೈದ್ಯರ ಹತ್ತಿರ ಹೋಗಿ. ಲೆನ್ಸಿನಿಂದ ಬರುವ ಸೋಂಕಿನಲ್ಲಿ ಮೊದಲು ನೆನಪಾಗುವ ಬ್ಯಾಕ್ಟೀರಿಯಾ ಸೂಡೋಮೊನಾಸ್. ಅದು ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ತೂತು ಮಾಡಬಲ್ಲದು. ಸೋಮವಾರದ ಓಪಿಡಿಗೆ ಹೋದರಾಯಿತು ಎಂದು ಶನಿವಾರ ಸುಮ್ಮನಿರುವ ರೋಗ ಇದಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ. ಹುಣ್ಣಿನ ಅಂಚನ್ನು ಮೆಲ್ಲಗೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆ ಇದೆಯೋ ಇಲ್ಲವೋ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುತ್ತದೆ. ಕ್ರಿಮಿ ಯಾವುದೆಂದು ತಿಳಿದರೆ ಔಷಧಿ ಸರಿ ಬೀಳುತ್ತದೆ. ಶಿಲೀಂಧ್ರದ ಚಿಕಿತ್ಸೆ ವಾರಗಟ್ಟಲೆ, ಅಮೀಬಾದ್ದು ತಿಂಗಳುಗಟ್ಟಲೆ.

ಹಾಗಾದರೆ ನಿಮಗೆ ಯಾವ ದಾರಿ? ಕಣ್ಣು ಚೆನ್ನಾಗಿದೆ ಎಂದು ವೈದ್ಯರು ಹೇಳಿದರೆ ನನ್ನ ಮೊದಲ ಆಯ್ಕೆ ದಿನಕ್ಕೊಂದು ಜೊತೆ ಬಳಸಿ ಎಸೆಯುವ ಡೈಲಿ ಲೆನ್ಸ್. ಡಬ್ಬಿಯೇ ಇಲ್ಲ, ಸೊಲ್ಯೂಷನ್ನೂ ಇಲ್ಲ, ಇಷ್ಟು ಹೊತ್ತು ಹೇಳಿದ ರಗಳೆಯಲ್ಲಿ ಮುಕ್ಕಾಲು ಪಾಲು ಇಲ್ಲ. ತಿಂಗಳ ಖರ್ಚು ಹೆಚ್ಚು. ಅದಕ್ಕೆ ನಾನು ಹೇಳುವುದು: ವಾರದ ಏಳೂ ದಿನ ಲೆನ್ಸ್ ಯಾಕೆ ಬೇಕು? ಮನೆಯಲ್ಲಿ, ಭಾನುವಾರ, ಪೇಪರ್ ತಿದ್ದುವಾಗ ಚಶ್ಮಾ ಹಾಕಿ. ಶಾಲೆಗೆ, ಮದುವೆ ಮುಂಜಿಗೆ ಡೈಲಿ ಲೆನ್ಸ್. ಆಗ ಖರ್ಚು ತಿಂಗಳ ಲೆನ್ಸು ಮತ್ತು ಸೊಲ್ಯೂಷನ್ನಿನ ಹತ್ತಿರಕ್ಕೆ ಬರಬಹುದು. ಒಂದೇ ಷರತ್ತು, ತೆಗೆದದ್ದನ್ನು ಮತ್ತೆ ಹಾಕುವಂತಿಲ್ಲ. ಡೈಲಿ ಲೆನ್ಸನ್ನು ಸೊಲ್ಯೂಷನ್ನಿನಲ್ಲಿಟ್ಟು ವಾರ ಬಳಸಿದರೆ ಅದು ತಿಂಗಳ ಲೆನ್ಸಿಗಿಂತ ಕೆಟ್ಟದ್ದು.

ತಿಂಗಳ ಲೆನ್ಸೇ ಬೇಕೆಂದರೆ ಮೇಲೆ ಹೇಳಿದ ಕ್ರಮ ಒಂದೂ ತಪ್ಪಬಾರದು. ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಪದ್ಧತಿ ಇದೆ. ಶೇ 3ರ ಪೆರಾಕ್ಸೈಡ್ ಕ್ರಿಮಿಗಳನ್ನು ಚೆನ್ನಾಗಿ ಕೊಲ್ಲುತ್ತದೆ, ಸಂರಕ್ಷಕ ರಾಸಾಯನಿಕ ಇಲ್ಲದ್ದರಿಂದ ಒಣಗಣ್ಣಿನವರಿಗೆ ಹಿತ. ಅಪಾಯವೂ ಅದರಲ್ಲೇ ಇದೆ. ಅದರ ಜೊತೆಗೇ ಬರುವ ಉದ್ದನೆಯ ಡಬ್ಬಿಯ ತಳದಲ್ಲಿರುವ ಬಿಲ್ಲೆ ಪೆರಾಕ್ಸೈಡನ್ನು ಆರು ತಾಸಿನಲ್ಲಿ ನೀರು, ಆಮ್ಲಜನಕವಾಗಿ ಒಡೆಯಬೇಕು. ಸಾದಾ ಡಬ್ಬಿಯಲ್ಲಿ ಹಾಕಿದರೆ, ನಡುವೆ ಅವಸರಕ್ಕೆ ತೆಗೆದು ಹಾಕಿಕೊಂಡರೆ ಕಣ್ಣು ಸುಡುತ್ತದೆ. ಆರು ತಾಸು ಕಳೆದ ಮೇಲೆ ಆ ದ್ರಾವಣದಲ್ಲಿ ಕ್ರಿಮಿನಾಶಕವೇ ಉಳಿದಿರುವುದಿಲ್ಲ, ಹಾಗಾಗಿ ದಸರೆ ರಜೆಯಲ್ಲಿ ಹತ್ತು ದಿನ ಅದರಲ್ಲೇ ಬಿಟ್ಟ ಲೆನ್ಸನ್ನು ಮತ್ತೆ ಹೊಸದಾಗಿ ಸ್ವಚ್ಛ ಮಾಡದೆ ಹಾಕುವಂತಿಲ್ಲ. ಮನೆಯಲ್ಲಿ ಮತ್ತೊಬ್ಬರು ಲೆನ್ಸ್ ಹಾಕುವವರಿದ್ದು ಬಾಟಲಿ ಅದಲುಬದಲಾಗುವ ಸಂಭವವಿದ್ದರೆ ಇದು ಬೇಡವೇ ಬೇಡ.

ಗಟ್ಟಿ ಲೆನ್ಸಿನಲ್ಲಿ ಸೋಂಕು ಕಡಿಮೆ, ಆದರೆ ಬಬಲೇಶ್ವರ ರಸ್ತೆಯ ಧೂಳು ಒಂದು ಕಣ ಅದರಡಿ ಹೊಕ್ಕರೆ ಕಾರ್ನಿಯಾ ಗೀಚುತ್ತದೆ. ಸ್ಪರ್ಶ ಮಂದವಿದ್ದವರಿಗೆ ನಾನು ಹೇಳುವುದಿಲ್ಲ. ಲೇಸರ್ ಮಾಡಿಸಿ ನಂಬರ್ ತೆಗೆಸುವ ಯೋಚನೆ ಇದ್ದರೆ ಸದ್ಯಕ್ಕೆ ಬದಿಗಿಡಿ. ಎಚ್‌ಬಿಎ1ಸಿ 8.6 ಇರುವಾಗ, ನಂಬರ್ ಅಲುಗಾಡುತ್ತಿರುವಾಗ ಯಾವ ಜವಾಬ್ದಾರಿಯುತ ವೈದ್ಯರೂ ಮಾಡುವುದಿಲ್ಲ. ಸುಳ್ಳು ಬಣ್ಣದ ಫ್ಯಾನ್ಸಿ ಲೆನ್ಸ್ ನಿಮ್ಮ ಪತ್ರದಲ್ಲಿಲ್ಲ, ಆದರೂ ಹೇಳಿಬಿಡುತ್ತೇನೆ: ಮದುವೆಗೆಂದು ಬ್ಯೂಟಿ ಪಾರ್ಲರಿನಲ್ಲಿ ಒಬ್ಬರದನ್ನು ಒಬ್ಬರು ಹಾಕಿಕೊಂಡು ಬರುವವರಿದ್ದಾರೆ. ಲೆನ್ಸ್ ಹಾಕಿಕೊಂಡೇ ಮಲಗುವುದೂ ಅದೇ ಜಾತಿಯ ತಪ್ಪು. ಅದರಿಂದ ಸೋಂಕಿನ ಅಪಾಯ ಆರೇಳು ಪಟ್ಟು ಏರುತ್ತದೆ, ಶುಗರ್ ಇಲ್ಲದವರಿಗೂ. ಸೊಲಾಪುರ ಹುಬ್ಬಳ್ಳಿ ರಾತ್ರಿ ಬಸ್ಸಿನ ನಿದ್ದೆಯೂ ನಿದ್ದೆಯೇ.

ಜೋಳದ ರಾಶಿಯ ದಿನಗಳಲ್ಲಿ ಹೊಲಕ್ಕೆ ಹೋಗುವುದಿದ್ದರೆ, ಕಬ್ಬಿನ ಗದ್ದೆಯಲ್ಲಿ ರವದಿಯ ನಡುವೆ ಓಡಾಡುವುದಿದ್ದರೆ ಲೆನ್ಸ್ ಬೇಡ, ಚಶ್ಮಾ ಇರಲಿ. ಎಲೆ ಗೀರಿ, ಹೊಟ್ಟು ಹಾರಿ ಆಗುವ ಗಾಯದಲ್ಲಿ ನಮ್ಮ ಕಡೆ ಶಿಲೀಂಧ್ರದ ಹುಣ್ಣು ಸಾಮಾನ್ಯ. ಮೈನಸ್ ಏಳರ ಚಶ್ಮಾ ದಪ್ಪ, ಭಾರ ಎಂಬ ಬೇಸರಕ್ಕೆ ಹೈ ಇಂಡೆಕ್ಸ್ ಗಾಜು, ಸಣ್ಣ ಚೌಕಟ್ಟು ಕೇಳಿ. ಅಂಚು ಸಾಕಷ್ಟು ತೆಳುವಾಗುತ್ತದೆ. ಈಗಿನ ನಂಬರಿನ ಚಶ್ಮಾ ಒಂದು ಯಾವಾಗಲೂ ಕೈಗೆ ಸಿಗುವಂತಿರಬೇಕು. ಚಶ್ಮಾ ಇಲ್ಲದ್ದರಿಂದಲೇ ಕೆಂಪು ಕಣ್ಣಿಗೂ ಲೆನ್ಸ್ ಹಾಕಿಕೊಂಡು ಶಾಲೆಗೆ ಹೋದವರನ್ನು ನೋಡಿದ್ದೇನೆ.

ನೀವು ರೆಟಿನಾ ಪರೀಕ್ಷೆಯ ಸುದ್ದಿ ಬರೆದಿಲ್ಲ. ಶುಗರ್ ಗೊತ್ತಾದ ವರ್ಷದಿಂದ ಪ್ರತಿ ವರ್ಷ ಪಾಪೆ ಹಿಗ್ಗಿಸಿ ನೋಡಿಸಬೇಕು. ಲೆನ್ಸ್ ಇರಲಿ ಬಿಡಲಿ, ಕಣ್ಣು ಮಸುಕಾಗಲಿ ಆಗದಿರಲಿ. ಎಡಗಣ್ಣು ತೋರಿಸಲು ಹೋದಾಗಲೇ ಅದನ್ನೂ ಮಾಡಿಸಿ ಬನ್ನಿ, ಎಚ್‌ಬಿಎ1ಸಿ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಆ ದಿನ ಚಶ್ಮಾದಲ್ಲೇ ಹೋಗಿ, ಏಕೆಂದರೆ ಕಾರ್ನಿಯಾ ನೋಡಲು ಹಾಕುವ ಹಳದಿ ಬಣ್ಣ ಮೃದು ಲೆನ್ಸಿಗೆ ಹಿಡಿದರೆ ಹೋಗುವುದಿಲ್ಲ. ಪಾಪೆ ಹಿಗ್ಗಿದ ಮೇಲೆ ಕೆಲವು ತಾಸು ಬಿಸಿಲು ಕುಕ್ಕುತ್ತದೆ, ಹತ್ತಿರದ್ದು ಓದಲಾಗುವುದಿಲ್ಲ. ಸ್ಕೂಟಿ ಮನೆಯಲ್ಲೇ ಬಿಟ್ಟು, ಯಾರನ್ನಾದರೂ ಕರೆದುಕೊಂಡು ಹೋಗಿ.